ಲೆಫ್ಟ್ ಫೀಲ್ಡಿನ ಸುಟ್ಟ ಹುಲ್ಲು

ನಯಾಗರಾದಿಂದ ವಾಪಸ್ ಬರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಮಾನ್ಮತ್ ಜಂಕ್ಷನ್ನಿನ ತಿರುವು ಬಂತು, ಹಿಂದೆ ಸರಿಯಿತು. ನಂದಾ ಕಾರು ತಿರುಗಿಸಲಿಲ್ಲ. ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದ ತಾಯಿ ಕಮಲವ್ವ ಕಣ್ಣು ಬಿಟ್ಟು ನೋಡಿದರೆ ಗುರುತಿನ ಪೆಟ್ರೋಲ್ ಬಂಕು ಆಗಲೇ ಬೆನ್ನ ಹಿಂದಿತ್ತು.

“ಮನಿ ದಾಟಿ ಬಂದ್ವಲ್ಲ.”

“ಹತ್ತು ನಿಮಿಷ ಅವ್ವ. ಹುಲ್ಲು ನೋಡಿ ಹೋಗಿಬಿಡೂಣು.”

“ಹುಲ್ಲೇನು ಎದ್ದು ಓಡಿ ಹೋಗ್ತದ? ಅಲ್ಲಿ ಅಷ್ಟು ನೀರು ಕಣ್ಣಮುಂದ ಬೀಳಾಕತ್ತಿತ್ತು, ನೀ ಫೋನ್ ಹಿಡಕೊಂಡು ಇಲ್ಲೆ ಮಳಿ ಬಂತೋ ಇಲ್ಲೋ ಅಂತ ನೋಡ್ಕೋತ ನಿಂತಿದ್ದಿ. ಫೋಟೋದಾಗ ಸೈತ ತಲಿ ಎತ್ತಿಲ್ಲ.”

ಊರಿನಿಂದ ಬಂದ ತಂದೆತಾಯಿಯನ್ನು ನಯಾಗರಾಕ್ಕೆ ಕರೆದುಕೊಂಡು ಹೋಗದಿದ್ದರೆ ನ್ಯೂಜೆರ್ಸಿಯ ಕನ್ನಡಿಗರಲ್ಲಿ ಯಾರೂ ಕ್ಷಮಿಸುವುದಿಲ್ಲ. ಹಾಗಾಗಿ ತಾನು ಕೆಲಸ ಮಾಡುವ ತಂಡ ಬೇರೆ ಊರಿಗೆ ಆಡಲು ಹೋಗಿದ್ದಾಗ ನಂದಾ ಸೀಸನ್ನಿನಲ್ಲಿ ಮೊದಲ ಸಲ ರಜೆ ಹಾಕಿದ್ದಳು. ಹಾಕಿದ ಗಳಿಗೆ ಮಾತ್ರ ಸರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಲೀಗಿನ ಮೈದಾನ ಪರೀಕ್ಷಕರು ಬರುವವರಿದ್ದರು.

ಮಿಲ್‌ಸ್ಟೋನ್ ಹೆರನ್ಸ್ ದೊಡ್ಡ ಬೇಸ್‌ಬಾಲ್ ತಂಡವೇನಲ್ಲ. ನ್ಯೂಯಾರ್ಕಿನ ದೊಡ್ಡ ತಂಡಗಳ ಪಂದ್ಯ ಟೀವಿಯಲ್ಲಿ ನೋಡುವವರು ಇದರ ಹೆಸರನ್ನೇ ಕೇಳಿರುವುದಿಲ್ಲ. ಆದರೂ ಇದು ವೃತ್ತಿಪರ ತಂಡ. ಆಟಗಾರರಿಗೆ ಸಂಬಳವಿದೆ, ಐದು ಸಾವಿರ ಜನ ಕೂರುವ ಸ್ಟೇಡಿಯಂ ಇದೆ, ಅದರಲ್ಲಿ ಎರಡೂವರೆ ಎಕರೆ ಕೆಂಟಕಿ ಬ್ಲೂಗ್ರಾಸ್ ಹುಲ್ಲಿದೆ. ಆ ಹುಲ್ಲಿನ ಹೊಣೆ ನಂದಾಳದು. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ನ್ಯೂಜೆರ್ಸಿಗೆ ಬಂದು ಆಟದ ಮೈದಾನಗಳ ಹುಲ್ಲಿನ ಬಗ್ಗೆಯೇ ಮತ್ತೆ ಓದಿ, ಮೊದಲು ಒಂದು ಗಾಲ್ಫ್ ಕ್ಲಬ್ಬಿನಲ್ಲಿ ದುಡಿದು, ಆರು ಸೀಸನ್ನಿನಿಂದ ಅವಳು ಇಲ್ಲಿದ್ದಳು. ಕಮಲವ್ವ ಹಾವೇರಿಯ ನೆಂಟರಿಗೆ ಮಗಳು ಕೃಷಿ ವಿಜ್ಞಾನಿ ಎಂದು ಹೇಳುತ್ತಿದ್ದರು. ಮನೆಯೊಳಗೆ ಮಾತ್ರ, “ಇಷ್ಟು ಓದಿ ಹುಲ್ಲು ಕೊಯ್ಯಾಕ ಹೊಂಟಿ” ಎನ್ನುತ್ತಿದ್ದರು.

ಹಿಂದಿನ ಮುಖ್ಯ ಗ್ರೌಂಡ್ಸ್‌ಕೀಪರ್ ಚಳಿಗಾಲದಲ್ಲಿ ನಿವೃತ್ತನಾಗಿ ಫ್ಲೋರಿಡಾ ಸೇರಿದ್ದ. ಅಂದಿನಿಂದ ಅವನ ಕೆಲಸವೆಲ್ಲ ನಂದಾಳದು, ಹುದ್ದೆ ಮಾತ್ರ “ಹಂಗಾಮಿ”. ಕಾಯಂ ಮಾಡುವುದೋ ಬೇಡವೋ ಎಂದು ಹೇಳಲು ಮೂವರ ಸಮಿತಿಯಿತ್ತು: ತಂಡದ ಜನರಲ್ ಮ್ಯಾನೇಜರ್ ಡೋನಾ ಪೆಟ್ರಿಲೋ, ಟಿಕೆಟ್ ವಿಭಾಗದ ಮುಖ್ಯಸ್ಥ, ಮತ್ತು ಕಾರ್ಯಕ್ರಮ ವಿಭಾಗದ ಮುಖ್ಯಸ್ಥ ಜಯ್. ಪರೀಕ್ಷಕರ ವರದಿ ಬಂದ ಮೇಲೆ ಸಮಿತಿ ಸೇರುವುದೆಂದು ಡೋನಾ ಹೇಳಿದ್ದಳು.

ಸ್ಟೇಡಿಯಂ ಖಾಲಿಯಿತ್ತು. ಮಧ್ಯಾಹ್ನದ ಬಿಸಿಲಿಗೆ ಕಮಲವ್ವ ನೆರಳು ಹುಡುಕಿಕೊಂಡು ಮೇಲಿನ ಸಾಲುಗಳ ಕಡೆ ಮೆಟ್ಟಿಲು ಹತ್ತಿದರು. ನಂದಾ ಬೇಲಿಯ ಬಾಗಿಲು ತೆಗೆದು ಮೈದಾನಕ್ಕಿಳಿದಳು. ಮೈದಾನದ ಒಳಭಾಗದ, ಇನ್‌ಫೀಲ್ಡಿನ ಮಣ್ಣು ಸರಿಯಿತ್ತು. ಬಲಗಡೆಯ ಹುಲ್ಲು ಸರಿಯಿತ್ತು. ಎಡಗಡೆಗೆ, ಲೆಫ್ಟ್ ಫೀಲ್ಡಿಗೆ ತಿರುಗಿದಾಗ ಅವಳ ಕಾಲು ನಿಂತಿತು.

ಹಸಿರಿನ ನಡುವೆ ಒಣಹುಲ್ಲಿನ ಬಣ್ಣದ ಸುರುಳಿಗಳು ಎದ್ದಿದ್ದವು. ಅರ್ಧ ಉಂಗುರ, ಪೂರ್ತಿ ಉಂಗುರ, ಉಂಗುರಕ್ಕೆ ಅಂಟಿದ ಬಾಲ. ಒಂದೊಂದೂ ಆಳುದ್ದ. ಉಂಗುರಗಳ ನಡುವಿನ ಹುಲ್ಲು ಮಾತ್ರ ಹಸಿರಾಗಿತ್ತು. ಈ ಸೆಕೆಯಲ್ಲಿ ಬ್ಲೂಗ್ರಾಸಿಗೆ ಬರುವ ಸಮ್ಮರ್ ಪ್ಯಾಚ್ ಎಂಬ ಬೂಷ್ಟು ರೋಗ ಹೀಗೆಯೇ ಕಾಣುತ್ತದೆ. ಬೇರು ಕೊಳೆಯುವ ರೋಗ ಅದು. ಎರಡು ದಿನದಲ್ಲಿ ಇಷ್ಟು ಹರಡಿದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮಂಡಿಯೂರಿ ಒಂದು ಹಿಡಿ ಹುಲ್ಲು ಕಿತ್ತಳು. ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಎಲೆಯ ಮೇಲೆ ಚುಕ್ಕೆಯಿಲ್ಲ, ತುದಿಯಿಂದ ಕೆಳಗೆ ಸುಟ್ಟಂತಿದೆ. ಬುಡದಲ್ಲಿ ಬೆರಳಾಡಿಸಿದಾಗ ಸಾಬೂದಾನಿಯಂಥ ಬಿಳಿ ಕಾಳು ಸಿಕ್ಕಿತು. ಅದನ್ನು ಅವಳು ಬಿ.ಎಸ್ಸಿ. ಮೊದಲ ವರ್ಷದಿಂದ ಬಲ್ಲಳು. ಯೂರಿಯಾ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮೇಲಿನಿಂದ ಕಮಲವ್ವ.

“ನಂದಾ, ಹುಲ್ಲಿನ ಮ್ಯಾಲ ನಿನ್ನ ಹೆಸರು ಯಾಕ ಬರದಾರ?”

“ಏನು ಬರದಾರ?”

“‘ನಂದಾ ಮದುವೆ ಆ’ ಅಂತ ಒಣಗಿದ ಹುಲ್ಲಿನಾಗ ಅದ. ಮುಂದ ‘ಗೋಣ’ ಅಂತ ಭಾಳ ಹಸರಾಗಿ ಅದ. ಅಕ್ಷರ ದುಂಡಗ ಛಂದ ಬಂದಾವ.” ಸ್ವಲ್ಪ ತಡೆದು ಕೇಳಿದರು. “ಯಾರವ?”

ನಂದಾ ಯೂರಿಯಾ ಕಾಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಂಡಿಯ ಮೇಲೆ ಕೂತಿದ್ದಳು. ಯಾರೆಂದು ಯೋಚಿಸುವ ಅಗತ್ಯವಿರಲಿಲ್ಲ. ಈ ಸ್ಟೇಡಿಯಂನಲ್ಲಿ ಕನ್ನಡ ಬರೆಯಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬಳು ನಯಾಗರಾದಲ್ಲಿದ್ದಳು.

ಜಯ್ ಹುಟ್ಟಿದ್ದು ವೆಸ್ಟ್ ವಿಂಡ್ಸರಿನಲ್ಲಿ. ತಂದೆತಾಯಿ ಮೈಸೂರಿನವರು. ಚಿಕ್ಕವನಿದ್ದಾಗ ಭಾನುವಾರದ ಕನ್ನಡ ತರಗತಿಗೆ ಹಟದಿಂದ ಕಳಿಸಿದ್ದರು. ಈಗ ಮೂವತ್ತೇಳು. ಅವನ ಕೆಲಸ ಸ್ಟೇಡಿಯಂಗೆ ಜನರನ್ನು ತರುವುದು, ಅದಕ್ಕಾಗಿ ಅವನು ಮಾಡುವುದೆಲ್ಲವೂ ನಡೆಯುವುದು ಹುಲ್ಲಿನ ಮೇಲೆ. ಮಂಗಳವಾರ ನಾಯಿಗಳ ಮೆರವಣಿಗೆ. ಶುಕ್ರವಾರ ಪಟಾಕಿ, ಅದರ ಕಿಡಿ ಸೆಂಟರ್ ಫೀಲ್ಡಿನ ಮೇಲೆ. ಭಾನುವಾರ ಮಕ್ಕಳ ಓಟ. ಒಂದು ಸಲ ಇನ್ನೂರು ಸ್ಕೌಟ್ ಮಕ್ಕಳು ಔಟ್‌ಫೀಲ್ಡಿನಲ್ಲಿ ಟೆಂಟ್ ಹಾಕಿ ಮಲಗಿದ್ದರು, ಟೆಂಟಿನ ಮೊಳೆಯೊಂದು ನೀರಿನ ಪೈಪಿಗೆ ಹೊಕ್ಕಿತ್ತು. ಇಂಡಿಯನ್ ಹೆರಿಟೇಜ್ ನೈಟ್‌ನಲ್ಲಿ ಡೋಲಿನವರನ್ನು ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದ ಮೇಲೆ ಹತ್ತಿಸಿದ್ದ. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ನಂದಾ ಬೇಡ ಎನ್ನುವುದು, ಜಯ್ ಬೇಕು ಎನ್ನುವುದು, ಡೋನಾ ಹಣೆ ಒತ್ತಿಕೊಳ್ಳುವುದು ರೂಢಿಯಾಗಿತ್ತು. ಇವರಿಬ್ಬರೂ ಮೀಟಿಂಗ್ ಮುಗಿಸಿ ಎಡಿಸನ್ನಿನಲ್ಲಿ ಒಟ್ಟಿಗೆ ದೋಸೆ ತಿನ್ನಲು ಹೋಗುತ್ತಾರೆಂದು ಯಾರಿಗೂ ಅನ್ನಿಸುವಂತಿರಲಿಲ್ಲ.

ಅದು ಶುರುವಾದದ್ದು ಹಿಂದಿನ ವರ್ಷ ಏಪ್ರಿಲಿನ ಒಂದು ಬಿರುಮಳೆಯಲ್ಲಿ. ಮಳೆ ಬಂದರೆ ಇನ್‌ಫೀಲ್ಡಿನ ಮಣ್ಣಿಗೆ ದೊಡ್ಡ ತಾಡಪತ್ರಿ ಎಳೆಯಬೇಕು. ಸಣ್ಣ ತಂಡಗಳಲ್ಲಿ ಅದಕ್ಕೆ ಬೇರೆ ಆಳುಗಳಿರುವುದಿಲ್ಲ. ಟಿಕೆಟ್ ಮಾರುವವರು, ಲೆಕ್ಕ ಬರೆಯುವವರು, ಎಲ್ಲರೂ ಆಫೀಸಿನಿಂದ ಓಡಿ ಬಂದು ಎಳೆಯುತ್ತಾರೆ. ಆವತ್ತು ಗಾಳಿ ತಾಡಪತ್ರಿಯ ಒಳಹೊಕ್ಕು ಅದನ್ನು ಹಾಯಿಯಂತೆ ಎತ್ತಿತು. ಆಗ ಕೈ ಬಿಡದವರನ್ನು ಅದು ಎತ್ತಿ ಒಗೆಯುತ್ತದೆ. ನಂದಾ ಗಾಬರಿಯಲ್ಲಿ ಕನ್ನಡದಲ್ಲಿ ಕೂಗಿಬಿಟ್ಟಳು: “ಕೈ ಬಿಡ್ರಿ, ಕೈ ಬಿಡ್ರಿ.” ಬಿಟ್ಟವನು ಒಬ್ಬನೇ, ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಜಯ್. ಉಳಿದವರು ಕೆಸರಿನಲ್ಲಿ ಬಿದ್ದೆದ್ದ ಮೇಲೆ ಅವನು ಹತ್ತಿರ ಬಂದು, “ನೀವು ಹುಬ್ಬಳ್ಳಿ ಸೈಡಾ?” ಎಂದು ಕೇಳಿದ.

ಇಬ್ಬರು ನೌಕರರ ನಡುವೆ ಹೀಗೇನಾದರೂ ಇದ್ದರೆ ಆಫೀಸಿಗೆ ತಿಳಿಸಬೇಕೆಂದು ತಂಡದ ನಿಯಮವಿದೆ. ಅವರು ತಿಳಿಸಲಿಲ್ಲ. ಮೊದಲು ತಿಳಿಸುವಂಥದ್ದೇನೂ ಇರಲಿಲ್ಲ. ತಿಳಿಸುವಂಥದ್ದಾಗುವ ಹೊತ್ತಿಗೆ ಜಯ್ ಹೆಸರು ಸಮಿತಿಯಲ್ಲಿತ್ತು. ಬಿಟ್ಟು ಹೊರಗೆ ಬಾ ಎಂದು ನಂದಾ ಮೂರು ಸಲ ಹೇಳಿದ್ದಳು. “ಬಿಟ್ರೆ ಡೋನಾ ಯಾಕೆ ಅಂತ ಕೇಳ್ತಾಳೆ” ಎಂದು ಅವನು ಮೂರು ಸಲವೂ ಮುಂದೂಡಿದ್ದ. ನಾಲ್ಕನೆಯ ಸಲ ಅವಳು ಹೇಳಲಿಲ್ಲ. ಅದು ತನ್ನ ತಪ್ಪೆಂದು ಈಗ ಬಿಸಿಲಿನಲ್ಲಿ ಕೂತು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಈ ಅಕ್ಷರಗಳ ಅರ್ಥ ಹೊರಬಿದ್ದರೆ ಆರು ಸೀಸನ್ನಿನ ಕೆಲಸ ಒಬ್ಬ ಪ್ರಿಯಕರನ ಶಿಫಾರಸಾಗಿ ಕಾಣುತ್ತದೆ.

ನಂದಾ ಫೋನ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಜಯ್ ಆಫೀಸಿನ ಬಾಗಿಲಿನಿಂದ ಓಡಿ ಬಂದ. ಮುಖದಲ್ಲಿ ನಗುವಿತ್ತು. ಹತ್ತಿರ ಬರುತ್ತ ಅದು ಕಡಿಮೆಯಾಯಿತು.

“ನೀನು ನಾಳೆ ಬರ್ತೀಯ ಅಂದ್ಕೊಂಡೆ. ಇದು ಹೀಗೆ ಕಾಣ್ಬಾರ್ದಿತ್ತು.”

“ಯಾವ ಚೀಲ?”

“ನಂದಾ, ನಾನು ಆಕ್ಚುಲಿ ಶನಿವಾರ ಡ್ರೋನ್‌ನಿಂದ ಶೂಟ್ ಮಾಡಿ ನಿಂಗೆ ತೋರಿಸ್ಬೇಕು ಅಂತ—”

“ಯಾವ ಚೀಲ ತಗೊಂಡಿ ಅಂತ ಕೇಳಾಕತ್ತೇನಿ.”

“ಶೆಡ್‌ನಲ್ಲಿತ್ತಲ್ಲ. ಮೂರು ಚೀಲ ಇತ್ತು. ನಂಬರ್ ಜಾಸ್ತಿ ಇರೋದು ತಗೊಂಡೆ. ನಲವತ್ತಾರು.”

“ಅದು ನೂರಕ್ಕ ನಲವತ್ತಾರು ಸಾರಜನಕ. ನೀರಿನಾಗ ಕರಗಿಸಿ ಹೊಡಿಯೂದು.”

“ಗೊಬ್ಬರ ಹಾಕಿದ ಜಾಗ ಡಾರ್ಕ್ ಗ್ರೀನ್ ಆಗತ್ತೆ ಅಂತ ನೀನೇ ಹೇಳಿದ್ದೆ. ಹಾಕಿದ್ಮೇಲೆ ನೀರು ಬೀಳ್ಬೇಕು ಅಂತಲೂ ಹೇಳಿದ್ದೆ. ಐ ರಿಮೆಂಬರ್ಡ್. ಅದಕ್ಕೇ ಸ್ಪ್ರಿಂಕ್ಲರ್ ಆನ್ ಆಗೋಕೆ ಮುಂಚೆ ಹಾಕ್ದೆ. ನೋಡು, ‘ಗೋಣ’ ಎಷ್ಟು ಚೆನ್ನಾಗಿ ಬಂದಿದೆ.”

‘ಗೋಣ’ ನಿಜಕ್ಕೂ ಚೆನ್ನಾಗಿ ಬಂದಿತ್ತು. ಉಳಿದದ್ದು ಯಾಕೆ ಸುಟ್ಟಿತೆಂದು ನಂದಾಗೆ ಆಗ ಹೊಳೆಯಿತು. ಲೆಫ್ಟ್ ಫೀಲ್ಡಿನ ಒಂದು ಭಾಗದ ವಾಲ್ವ್ ಸೋರುತ್ತಿತ್ತು. ನಯಾಗರಾಕ್ಕೆ ಹೊರಡುವ ಮುಂಚೆ ಅವಳೇ ಆ ಭಾಗದ ನೀರು ನಿಲ್ಲಿಸಿ ಹೋಗಿದ್ದಳು. ಆ ಹುಲ್ಲಿಗೆ ಎರಡು ದಿನ ನೀರಿಲ್ಲದಿದ್ದರೂ ನಡೆಯುತ್ತಿತ್ತು, ಬರೀ ಹುಲ್ಲಾಗಿದ್ದಿದ್ದರೆ.

ಈ ವಿವರ ಅವನಿಗೆ ಹೇಳಬಾರದೆಂದು ಅವಳು ತೀರ್ಮಾನಿಸಿದಳು. ಅಷ್ಟರಲ್ಲಿ ಕಮಲವ್ವ ಕೆಳಗಿಳಿದು ಬೇಲಿಯ ಹತ್ತಿರ ಬಂದಿದ್ದರು.

“ಇವನೇನು? ಆ ನಾಯಿ ಮೆರವಣಿಗಿ ಮಾಡಸ್ತಾನಲ್ಲ, ಅವನ ಹೌದಿಲ್ಲೋ?”

“ನಮಸ್ತೆ ಆಂಟಿ” ಎಂದ ಜಯ್.

“ತಮ್ಮಾ, ಅಕ್ಷರ ಯಾರು ಕಲಿಸಿದ್ರು?”

“ಸಂಡೇ ಸ್ಕೂಲ್‌ನಲ್ಲಿ, ಆಂಟಿ.”

“ಛಲೋ ಕಲಿಸ್ಯಾರ. ‘ಆ’ ಭಾಳ ಛಲೋ ಬಂದದ. ನಮ್ಮೂರಾಗ ಬೋರ್ಡ್ ಬರಿಯೂ ಪೇಂಟರಗೂ ಇಷ್ಟು ಬರಂಗಿಲ್ಲ.” ಆಮೇಲೆ ಮಗಳ ಕಡೆ ತಿರುಗಿದರು. “ಮತ್ತ ನಿನಗ ನೋಡಿದ ಆ ಎಡಿಸನ್ನಿನ ಹಲ್ಲಿನ ಡಾಕ್ಟರ್‌ಗ ನಾ ಏನ್ ಹೇಳ್ಲಿ?”

“ಅವ್ವ, ಕಾರಿನಾಗ ಕೂಡು.”

“ಬಿಸಿಲಾಗ ಕಾರಿನಾಗ ಕೂತು ನಾನೂ ಹಿಂಗ ಒಣಗ್ಲೇನು?”

ಜಯ್ ನಕ್ಕ. ನಂದಾ ನೋಡಿದ ಮೇಲೆ ನಿಲ್ಲಿಸಿದ. “ಗ್ರೀನ್ ಪೇಂಟ್ ಹೊಡೆದ್ರೆ?” ಎಂದು ಮೆಲ್ಲಗೆ ಕೇಳಿದ. ಹುಲ್ಲಿಗೆ ಬಣ್ಣ ಹೊಡೆಯುವುದು ಈ ಧಂದೆಯಲ್ಲಿ ಇಲ್ಲದ್ದಲ್ಲ. ಆದರೆ ನಾಳೆ ಬರುವವರು ಮಂಡಿಯೂರಿ ಮೂಗು ಹತ್ತಿರ ತಂದು ನೋಡುವ ಪೈಕಿ. ಹೊಸ ಹುಲ್ಲುಹಾಸು ಕೂಡಿಸಿದರೆ ಅದರ ಅಂಚು ಹೊಲಿಗೆಯಂತೆ ಕಾಣುತ್ತದೆ, ಯಾಕೆ ಕತ್ತರಿಸಿದಿರಿ ಎಂಬ ಪ್ರಶ್ನೆ ಬರುತ್ತದೆ. ಕೈಗೆ ಉಳಿದದ್ದು ನೀರೊಂದೇ. ಅವಳು ಪೈಪ್ ಎಳೆದು ತಂದು ತನ್ನ ಹೆಸರಿನ ಮೇಲೆ ನೀರು ಬಿಟ್ಟಳು. ಗೊಬ್ಬರದ ಉಪ್ಪು ತೊಳೆದುಹೋದರೆ ಬುಡವಾದರೂ ಉಳಿಯಬಹುದಿತ್ತು.

“ಏನೂ ಉತ್ತರ ಹೇಳಲ್ವಾ?” ಎಂದ ಜಯ್.

“ಯಾವುದಕ್ಕ?”

ಅವನು ಹುಲ್ಲಿನ ಕಡೆ ಕೈ ತೋರಿಸಿದ.

“ಜಯ್, ಆ ಪೈಪಿನ ತುದಿ ಹಿಡಿ. ಕಾಲಿಡಬ್ಯಾಡ ಅದರ ಮ್ಯಾಲ.”

ಪರೀಕ್ಷಕ ಕ್ವಿನ್ ಎಂಬವರು ಮರುದಿನ ಹೇಳಿದ ಹೊತ್ತಿಗೆ ಬಂದರು. ಅರವತ್ತು ದಾಟಿದ ಬಡಕಲು ಮನುಷ್ಯ. ನಿಧಾನಿ. ಡೋನಾ ಜೊತೆಗಿದ್ದಳು. ನೆವಾರ್ಕಿನಲ್ಲಿ ಹುಟ್ಟಿ ಬೆಳೆದ ಡೋನಾಳ ದನಿಗೆ ಸ್ಟೇಡಿಯಂನಲ್ಲಿ ಮೈಕ್ ಬೇಕಾಗುವುದಿಲ್ಲ. ಆವತ್ತು ಮಾತ್ರ ಅವಳು ತಗ್ಗಿಸಿ ಮಾತಾಡುತ್ತಿದ್ದಳು. ಲೀಗಿನ ಆಯ್ದ ಆಟಗಾರರೆಲ್ಲ ಆಡುವ ಮುಂದಿನ ವರ್ಷದ ಆಲ್-ಸ್ಟಾರ್ ಪಂದ್ಯ ಇಲ್ಲಿ ನಡೆಯುವುದೋ ಇಲ್ಲವೋ ಎಂಬುದಕ್ಕೂ ಈ ವರದಿ ಬೇಕಿತ್ತು.

ಕ್ವಿನ್ ಇನ್‌ಫೀಲ್ಡ್ ನೋಡಿ ತಲೆಯಾಡಿಸಿದರು. ದಿಬ್ಬದ ಜೇಡಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ತಲೆಯಾಡಿಸಿದರು. ನಂದಾ ಅವರ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆದಳು. ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೆ ಆಗ ನೋಡೋಣ ಎಂದು ರಾತ್ರಿಯೆಲ್ಲ ಯೋಚಿಸಿ ಅವಳು ತಲುಪಿದ್ದು ಅಷ್ಟೇ ದೂರ.

ಲೆಫ್ಟ್ ಫೀಲ್ಡಿನಲ್ಲಿ ಕ್ವಿನ್ ಮಂಡಿಯೂರಿದರು.

“ಸಮ್ಮರ್ ಪ್ಯಾಚ್” ಎಂದರು. “ಬೇಜಾರು ಮಾಡಿಕೊಳ್ಳಬೇಡಿ. ಈ ವರ್ಷ ಇಡೀ ನ್ಯೂಜೆರ್ಸಿಯಲ್ಲಿ ಇದೆ.”

ನಂದಾಗೆ ಬಾಗಿಲು ತಾನಾಗಿ ತೆರೆದುಕೊಂಡಿತ್ತು. ರೋಗ ಯಾರ ಮೈದಾನಕ್ಕಾದರೂ ಬರುತ್ತದೆ. ಅದಕ್ಕೆ ಹೆಸರಿದೆ, ಔಷಧಿಯಿದೆ, ಅವಮಾನವಿಲ್ಲ.

“ಇದು ಒಂದು ದಿನದ್ದಲ್ಲ” ಎಂದು ಕ್ವಿನ್ ಡೋನಾಗೆ ವಿವರಿಸುತ್ತಿದ್ದರು. “ನೀರು ಹೆಚ್ಚಾಗಿ ಕೊಟ್ಟು, ಮಣ್ಣು ಗಟ್ಟಿಯಾಗಿ, ಬೇರು ಉಸಿರಾಡದೆ ಆಗುವುದು. ಒಂದೆರಡು ವರ್ಷದ ಅಭ್ಯಾಸ ಇರಬೇಕು. ಇಡೀ ಔಟ್‌ಫೀಲ್ಡಿಗೆ ಎರಡು ಸಲ ಔಷಧಿ ಹೊಡೆಯಿರಿ. ಆಮೇಲೆ ನೀರಿನ ಪದ್ಧತಿಯನ್ನು ಬಲ್ಲವರೊಬ್ಬರಿಗೆ ತೋರಿಸಿ.”

ಬಲ್ಲವರೊಬ್ಬರಿಗೆ. ನಂದಾಳ ಕಿವಿ ಬಿಸಿಯಾಯಿತು. ಪ್ರತಿ ವಸಂತದಲ್ಲಿ ಆ ಮಣ್ಣಿಗೆ ಅಡಿಗಡಿಗೂ ತೂತು ಕೊರೆಸಿ ಮರಳು ತುಂಬಿಸಿದವಳು ಅವಳು. ಬಾಕಿಯವರು ಅಂದಾಜಿನಲ್ಲಿ ನೀರು ಬಿಡುವಾಗ ಮಣ್ಣಿಗೆ ಕೈಹಾಕಿ ನೋಡಿ ನೀರು ಬಿಟ್ಟವಳು. ಆ ಬೇರು ಆರಿಂಚು ಆಳಕ್ಕೆ ಇಳಿದಿರುವುದು ಅವಳಿಗೆ ಗೊತ್ತು. ಅವರು ಬೇರು ನೋಡದೆ ಉಂಗುರ ನೋಡಿ ಹೇಳುತ್ತಿದ್ದರು. ಸುಮ್ಮನಿದ್ದರೆ ಹುದ್ದೆ ಉಳಿಯಬಹುದು. ಆದರೆ ಇಲ್ಲದ ರೋಗವೊಂದು ಅವಳ ಹುಲ್ಲಿನ ಹೆಸರಿಗೆ ವರದಿಯಲ್ಲಿ ಕೂತುಬಿಡುತ್ತದೆ. ಭಾನುವಾರ ಮಕ್ಕಳು ಬರಿಗಾಲಲ್ಲಿ ಓಡುವ ಜಾಗಕ್ಕೆ ಬೇಡದ ಔಷಧಿ ಬೀಳುತ್ತದೆ.

“ರೋಗ ಅಲ್ಲ” ಎಂದಳು.

ಕ್ವಿನ್ ತಲೆಯೆತ್ತಿದರು.

“ಬೇರು ಕಿತ್ತು ನೋಡಿ. ಬೆಳ್ಳಗಿದೆ. ಇದು ಯೂರಿಯಾ. ಕೈಯಲ್ಲಿ ಹಾಕಿದ್ದು, ನೀರು ಬಿದ್ದಿಲ್ಲ.”

ಅವರು ಜೇಬಿನಿಂದ ಚಾಕು ತೆಗೆದು ಒಂದು ತುಂಡು ಹುಲ್ಲನ್ನು ಮಣ್ಣಿನ ಸಮೇತ ಎತ್ತಿದರು. ಬಹಳ ಹೊತ್ತು ನೋಡಿದರು. “ಹೌದು, ಯೂರಿಯಾ” ಎಂದರು. “ಆದರೆ ಹೀಗೆ ಸುರುಳಿ ಸುರುಳಿಯಾಗಿ ಯಾರಾದರೂ ಯಾಕೆ ಹಾಕುತ್ತಾರೆ?”

“ಅದು ಬರವಣಿಗೆ. ನನ್ನ ಭಾಷೆ.”

“ಏನೆಂದು ಬರೆದಿದೆ?” ಎಂದು ಕೇಳಿದ್ದು ಡೋನಾ.

“ನನ್ನ ಹೆಸರು. ಆಮೇಲೆ, ಮದುವೆ ಆಗೋಣ ಅಂತ.”

ಕ್ವಿನ್ ಆ ಹುಲ್ಲಿನ ತುಂಡನ್ನು ಇದ್ದ ಜಾಗದಲ್ಲೇ ಇಟ್ಟು, ಅಂಗೈಯಿಂದ ಒತ್ತಿ ಕೂಡಿಸಿದರು. ಆಮೇಲೆ ಎದ್ದು ಬೇಲಿಯ ಕಡೆ ನಡೆದು, ಏನನ್ನೋ ಅಳೆಯತೊಡಗಿದರು. ಅಲ್ಲಿ ಅಳೆಯುವಂಥದ್ದೇನೂ ಇರಲಿಲ್ಲ.

“ಯಾರು?” ಎಂದಳು ಡೋನಾ.

“ಜಯ್.”

“ಯಾವ ಜಯ್? ಸಮಿತಿಯಲ್ಲಿರುವ ಜಯ್?”

“ಹೌದು.”

“ಯಾವಾಗಿನಿಂದ?”

“ಹೋದ ವರ್ಷದಿಂದ.”

ಡೋನಾ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡಳು. “ಅಲ್ಲಿ ಸ್ಕೋರ್‌ಬೋರ್ಡ್ ಇದೆ” ಎಂದಳು. “ಮೂವತ್ತಡಿ ಅಗಲ. ಇಂಥದ್ದನ್ನು ಬರೆಸಲು ನೌಕರರಿಗೆ ಪುಕ್ಕಟೆ. ಅವನೇ ಅದರ ಇನ್‌ಚಾರ್ಜ್.”

ಮಧ್ಯಾಹ್ನ ಇಬ್ಬರನ್ನೂ ಒಳಗೆ ಕರೆದಳು. ಕ್ವಿನ್ ಬರೆದದ್ದನ್ನು ಮೊದಲು ಓದಿದಳು: ಲೆಫ್ಟ್ ಫೀಲ್ಡಿನಲ್ಲಿ ಗೊಬ್ಬರದಿಂದ ಸುಟ್ಟ ಗುರುತು, ಬೇರು ಆರೋಗ್ಯವಾಗಿದೆ, ಉಳಿದ ಮೈದಾನ ಲೀಗಿನ ಉತ್ತಮ ಮೈದಾನಗಳಲ್ಲೊಂದು. ಆಮೇಲೆ ತನ್ನದನ್ನು ಹೇಳಿದಳು. ನಿಯಮ ಮುರಿದದ್ದಕ್ಕೆ ಇಬ್ಬರಿಗೂ ಎಚ್ಚರಿಕೆ. ಜಯ್ ಸಮಿತಿಯಿಂದ ಹೊರಗೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಿಂದ ಒಬ್ಬ ಅರ್ಜಿ ಹಾಕಿದ್ದಾನೆ, ಬರಬೇಡ ಎಂದು ಅವನಿಗೆ ಹೇಳುವವರಿದ್ದೆವು, ಈಗ ಕರೆಯುತ್ತೇವೆ. ನಂದಾ ಅವನ ಜೊತೆ ಇಂಟರ್‌ವ್ಯೂಗೆ ಕೂರಬೇಕು.

“ಡೋನಾ, ತಪ್ಪೆಲ್ಲ ನಂದು” ಎಂದ ಜಯ್. “ಅವಳು ನಂಗೆ ಎಷ್ಟು ಸಲ ಹೇಳಿದ್ದಳು—”

“ಜಯ್, ನೀನು ಮಾತಾಡಿದಷ್ಟೂ ಅವಳಿಗೆ ನಷ್ಟ.”

ನಂದಾಗೆ ಆ ಮಾತು ಹಿಡಿಸಿತು. ಇಡೀ ದಿನದಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ ಎನ್ನಿಸಿತು.

ಹೊರಗೆ ಬಂದ ಮೇಲೆ ಜಯ್ ಮೆಟ್ಟಿಲ ಮೇಲೆ ನಿಂತ. “ಐ ಯಾಮ್ ಸೋ ಸಾರಿ. ನಿಂಗೆ ತುಂಬ ಕೋಪ ಬಂದಿದೆ ಅಂತ ಗೊತ್ತು.”

“ಸಿಟ್ಟು ಮಾಡ್ಕೊಳ್ಳಾಕೂ ನನಗ ಟೈಮ್ ಇಲ್ಲ. ಶುಕ್ರವಾರ ಮ್ಯಾಚ್ ಅದ. ಶೆಡ್ಡಿನಾಗಿಂದ ಹುಲ್ಲು ಕೊರಿಯೂ ಮಷೀನ್ ತಗೊಂಡು ಬಾ. ಕೀಲಿ ನಿನ್ನ ಕಡೆನ ಅದಲ್ಲ. ತಂದ ಮ್ಯಾಲ ಕೀಲಿ ನನಗ ಕೊಡು.”

ಅವನು ಕೊಟ್ಟ. ಆವತ್ತೂ ಮರುದಿನವೂ ಅವನು ಅವಳ ಇಬ್ಬರು ಸಹಾಯಕರ ಜೊತೆ ಬಗ್ಗಿ ತನ್ನ ಅಕ್ಷರಗಳನ್ನು ತಾನೇ ಕತ್ತರಿಸಿ ತೆಗೆದ. ತಂಡದ ಅಭ್ಯಾಸದ ಜಾಗದ ಹಿಂದೆ ಬೆಳೆಸಿಟ್ಟಿದ್ದ ಹುಲ್ಲಿನ ಪಟ್ಟಿಗಳನ್ನು ಚಾಪೆಯಂತೆ ಸುತ್ತಿ ತಂದು ಹಾಸಿದ. ಹಾಸಿದ್ದು ಒಂದು ಬೆರಳು ಎತ್ತರವಾಯಿತೆಂದು ನಂದಾ ಎರಡು ಸಲ ಕೀಳಿಸಿದಳು. ಅವನು ಮಾತಿಲ್ಲದೆ ಕಿತ್ತು, ಮಣ್ಣು ಕೆರೆದು, ಮತ್ತೆ ಹಾಸಿದ. ಅಂಗೈಯಲ್ಲಿ ಬೊಕ್ಕೆ ಎದ್ದವು. ಅದನ್ನೂ ಅವನು ಹೇಳಲಿಲ್ಲ, ಅವಳೇ ನೋಡಿದಳು. ಶೆಡ್ಡಿನಿಂದ ಕೈಗವಸು ತಂದು ಅವನ ಪಕ್ಕದಲ್ಲಿಟ್ಟು ಹೋದಳು.

ಆ ಸಂಜೆ ಅಡುಗೆಮನೆಯಲ್ಲಿ ಕಮಲವ್ವ ರೊಟ್ಟಿ ಬಡಿಯುತ್ತ ಕೇಳಿದರು. “ನಿನಗ ಒಪ್ಪಿಗಿ ಅದನೋ ಇಲ್ಲೋ?”

“ಅವ್ವ, ಅವ ಒಂದು ಚೀಲದ ಮ್ಯಾಲಿನ ಬರಹ ನೆಟ್ಟಗ ಓದಂಗಿಲ್ಲ. ‘ಬಿಡು’ ಅಂದ್ರ ನಾಳೆ ಅಂತಾನ. ‘ಬ್ಯಾಡ’ ಅಂದ್ರ ಮಾಡಿ ತೋರಸ್ತಾನ. ಅವನಿಂದ ನನ್ನ ಕೆಲಸ ಹೋಗೂ ಹಂಗ ಆಗೇದ.”

“ಇವೆಲ್ಲ ನನಗೂ ಕಂಡಾವ. ಒಪ್ಪಿಗಿ ಅದನೋ ಇಲ್ಲೋ ಅಂತ ಕೇಳಿದೆ.”

ನಂದಾ ತಟ್ಟೆ ತೆಗೆದುಕೊಂಡು ಬಂದು ಕೂತಳು. “ಮೊದಲು ಈ ಇಂಟರ್‌ವ್ಯೂ ಮುಗೀಲಿ. ಅವ ಇಲ್ಲದ ನಾ ಇದನ್ನ ಗೆಲ್ಲಬೇಕು. ಇಲ್ಲಂದ್ರ ಜೀವನಪೂರ್ತಿ ಅವನ ಮಾರಿ ನೋಡಿದಾಗೊಮ್ಮೆ ಇದ ನೆನಪಾಗ್ತದ.”

ಕಮಲವ್ವ ಒಂದು ರೊಟ್ಟಿ ಹಾಕಿದರು. ಹಲ್ಲಿನ ಡಾಕ್ಟರ ಹೆಸರು ಮತ್ತೆ ಎತ್ತಲಿಲ್ಲ.

ಮೂರು ವಾರ ಬಿಟ್ಟು ಲ್ಯಾಂಕಾಸ್ಟರಿನವನು ಬಂದ. ಚೆನ್ನಾಗಿ ಬಲ್ಲವನೇ. ಮೈದಾನ ಸುತ್ತಿ ನೋಡಿ, ಹುಲ್ಲು ಚೆನ್ನಾಗಿಟ್ಟಿದ್ದೀರಿ ಎಂದು ನಂದಾಗೆ ಹೇಳಿ, ಒಳಗೆ ಹೋಗಿ ಒಂದು ಗಂಟೆ ಕೂತು ಬಂದ. ಅವಳ ಸರದಿಯಲ್ಲಿ ಮೇಜಿನ ಆಚೆ ಡೋನಾ ಮತ್ತು ಟಿಕೆಟ್ ವಿಭಾಗದ ಮುಖ್ಯಸ್ಥ ಇದ್ದರು. ಜಯ್ ಬದಲಿಗೆ ಲೆಕ್ಕದ ವಿಭಾಗದವಳೊಬ್ಬಳು ಕೂತಿದ್ದಳು. ಅವಳಿಗೆ ಒಳಗಿನ ಸಂಗತಿ ಯಾವುದೂ ಗೊತ್ತಿರಲಿಲ್ಲ. ಅಭ್ಯರ್ಥಿಗಳಿಬ್ಬರಿಗೂ ಕೇಳಬೇಕಾದ ಪ್ರಶ್ನೆಯೊಂದನ್ನು ಅವಳು ಓದಿದಳು: ನಿಮ್ಮ ಉಸ್ತುವಾರಿಯಲ್ಲಿ ಮೈದಾನಕ್ಕೆ ಆದ ದೊಡ್ಡ ಹಾನಿ ಯಾವುದು, ಹೇಗೆ ಸರಿಪಡಿಸಿದಿರಿ?

ಡೋನಾ ಕಿಟಕಿಯ ಕಡೆ ನೋಡಿದಳು.

ನಂದಾ ಹೇಳಿದಳು. ಯಾವ ಗೊಬ್ಬರ, ಎಷ್ಟು ಜಾಗ, ನೀರು ಯಾಕೆ ಬಿದ್ದಿರಲಿಲ್ಲ, ಆ ಭಾಗದ ವಾಲ್ವ್ ಮುಚ್ಚಿ ಬೋರ್ಡಿನ ಮೇಲೆ ಯಾರಿಗೂ ತಿಳಿಯುವಂತೆ ಬರೆಯದೆ ಹೋದದ್ದು ತನ್ನ ತಪ್ಪು ಹೇಗೆ, ಎಷ್ಟು ಕತ್ತರಿಸಿದೆವು, ಎಷ್ಟು ಹುಲ್ಲು ತಾನಾಗಿ ಚಿಗುರಿತು, ಅಂಚು ಯಾವಾಗ ಮುಚ್ಚಿತು. ಬಿಡಿಬಿಡಿಯಾಗಿ, ಅವಸರವಿಲ್ಲದೆ ಹೇಳಿದಳು.

ಲೆಕ್ಕದವಳು ಆಸಕ್ತಿಯಿಂದ ಕೇಳಿದಳು. “ಅಷ್ಟೊಂದು ಗೊಬ್ಬರ ಹಾಕಿದ್ದು ಯಾರು? ಹೊರಗಿನವರಾ?”

“ಅಲ್ಲ. ನಾನು ಮದುವೆಯಾಗಲಿರುವವರು” ಎಂದಳು ನಂದಾ. “ಅವರ ಹತ್ತಿರ ಈಗ ಶೆಡ್ಡಿನ ಕೀಲಿ ಇಲ್ಲ.”

ಟಿಕೆಟ್ ವಿಭಾಗದವನು ಕೆಮ್ಮಿದ. ಡೋನಾ ಮುಂದಿನ ಪ್ರಶ್ನೆ ಓದಿದಳು.

ಫಲಿತಾಂಶ ಅದೇ ವಾರ ಬಂತು. ಮೂವರೂ ನಂದಾ ಎಂದಿದ್ದರು. ಡೋನಾ ಶೆಡ್ಡಿನವರೆಗೆ ನಡೆದು ಬಂದು ಹೇಳಿ, ಕೈ ಕುಲುಕಿ, ಮುಂದಿನ ಸೋಮವಾರದ ಮೀಟಿಂಗಿನಲ್ಲಿ ನೀವಿಬ್ಬರೂ ಬೇರೆ ಬೇರೆ ತುದಿಯಲ್ಲಿ ಕೂರಬೇಕೆಂದೂ ಹೇಳಿ ಹೋದಳು. ಅವಳು ಹೋಗುವಾಗ ದಾರಿಯಲ್ಲಿ ಸಿಕ್ಕ ಜಯ್‌ಗೆ ಅಭಿನಂದನೆ ಹೇಳಿರಬೇಕು. ಎರಡೇ ನಿಮಿಷದಲ್ಲಿ ಅವನು ಶೆಡ್ಡಿನ ಬಾಗಿಲಲ್ಲಿದ್ದ.

“ನೀನು ಹೂಂ ಅಂದಿದ್ದೀಯ ಅಂತೆ. ಡೋನಾ ಹೇಳಿದ್ಳು. ಅಕೌಂಟ್ಸ್‌ನಲ್ಲಿರೋರಿಗೆಲ್ಲ ಗೊತ್ತು.”

“ಹೂಂ ಅಂದೀನಿ.”

ಅವನಿಗೆ ಸಂತೋಷಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯದಂತಿತ್ತು. ಎರಡನ್ನೂ ಒಟ್ಟಿಗೆ ಮಾಡಿದ. “ನಂಗೆ ಮೊದ್ಲು ಹೇಳ್ಬೇಕಿತ್ತಲ್ವಾ? ಇದು ಸ್ವಲ್ಪ ಪ್ರೈವೇಟ್ ವಿಷಯ, ನಂದಾ.”

ನಂದಾ ಕೊಯ್ಯುವ ಯಂತ್ರದ ಬ್ಲೇಡ್ ತಿರುಗಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಹೇಳಬಹುದಾದ ಮಾತುಗಳು ಬಹಳಷ್ಟಿದ್ದವು. ಎಲ್ಲವನ್ನೂ ಹೇಳಲು ಇನ್ನೂ ವರ್ಷಗಳಿದ್ದವು.

“ಇಂಟರ್‌ವ್ಯೂದಾಗ ಅವರು ಕೇಳಿದ್ರು, ಹೇಳ್ದೆ” ಎಂದಳು. “ನೀ ಅಲ್ಲಿ ಇರಲಿಲ್ಲ.”